ಬೆಂಕಿ ರೋಗಕ್ಕೆ ಸಾರಜನಕದ ಉಂಗುರ

ಸಿಂಧನೂರು, ಮಸ್ಕಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ಬೆಳೆಯುವ ರೈತರಿಗೆ ‘ಬೆಂಕಿ ರೋಗ’ವನ್ನು ಪರಿಚಯಿಸಬೇಕಾಗಿಲ್ಲ. ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆಗಳು ಮೂಡುತ್ತವೆ. ತೆನೆಯ ಕುತ್ತಿಗೆಗೆ ರೋಗ ತಗುಲಿದರೆ ಕಾಳು ಜೊಳ್ಳಾಗುತ್ತದೆ. ಇದರ ತಡೆಗೆ ದಶಕಗಳಿಂದ ಬಳಕೆಗೆ ಬಂದ ಔಷಧಿಗಳಲ್ಲಿ ಟ್ರೈಸೈಕ್ಲಜೋಲ್ ಒಂದು.

ಮೂರು ಉಂಗುರಗಳಿರುವುದರಿಂದ ಇದಕ್ಕೆ ಆ ಹೆಸರು. ಇಂಗಾಲದ ಪರಮಾಣುಗಳು ಕೈಕೈ ಹಿಡಿದು ನಿಂತ ಉಂಗುರದಲ್ಲಿ ಬೇರೆ ಧಾತುವೂ ಸೇರಿಕೊಂಡರೆ ಅದನ್ನು ವಿಷಮಚಕ್ರೀಯ ಸಂಯುಕ್ತ ಎನ್ನುತ್ತಾರೆ. ಟ್ರೈಸೈಕ್ಲಜೋಲ್‌ನ ಒಂದು ಉಂಗುರದಲ್ಲಿ 3 ಸಾರಜನಕ ಪರಮಾಣುಗಳಿವೆ. ಪಕ್ಕದ ಉಂಗುರದಲ್ಲಿ ಗಂಧಕವಿದೆ.

ಇದರ ತಯಾರಿಕೆಯ ಒಂದು ವಿಧಾನ ಹೀಗಿದೆ. ಎರಡು ಉಂಗುರಗಳ ಬೆಂಜೋಥಯಾಜೋಲ್‌ಗೆ ಹೈಡ್ರಜೀನ್‌ನ ಮೂಲಕ ಸಾರಜನಕದ ಬಾಲ ಜೋಡಿಸುತ್ತಾರೆ. ಬಳಿಕ ಫಾರ್ಮಿಕ್ ಆಮ್ಲದೊಡನೆ ಕಾಯಿಸುತ್ತಾರೆ. ಕೆಲವು ಇರುವೆಗಳ ವಿಷದಲ್ಲಿರುವುದೂ ಇದೇ ಆಮ್ಲ. ಅದು ಒಂದು ಇಂಗಾಲವನ್ನು ಒದಗಿಸುತ್ತದೆ, ನೀರು ಹೊರಬೀಳುತ್ತದೆ, ಬಾಲ ಬಾಗಿ ಮೂರನೆಯ ಉಂಗುರವಾಗುತ್ತದೆ.

ವಿಶೇಷವೆಂದರೆ, ಈ ಔಷಧಿ ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದಿಲ್ಲ. ಎಲೆಯ ಮೇಲೆ ಬಿದ್ದ ಶಿಲೀಂಧ್ರದ ಬೀಜಕಣ ಮೊಳೆತು ಗುಮ್ಮಟದಂಥ ಕೋಶವೊಂದನ್ನು ಕಟ್ಟುತ್ತದೆ. ಅದರೊಳಗಿನ ಒತ್ತಡ ಕಾರಿನ ಟೈರಿನ ಗಾಳಿಗಿಂತ ಸುಮಾರು 40 ಪಟ್ಟು ಹೆಚ್ಚು. ಆ ಬಲದಿಂದಲೇ ಎಲೆಯ ಸಿಪ್ಪೆಗೆ ತೂತು ಬೀಳುತ್ತದೆ. ಇಷ್ಟು ಒತ್ತಡ ತಾಳಲು ಕೋಶದ ಗೋಡೆಗೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಬೇಕು. ಟ್ರೈಸೈಕ್ಲಜೋಲ್ ಆ ಮೆಲನಿನ್ ತಯಾರಿಸುವ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆ. ಶಿಲೀಂಧ್ರ ಬದುಕಿದ್ದರೂ ಒಳನುಗ್ಗಲಾರದು.

ಆದ್ದರಿಂದ ಸಿಂಪಡಣೆಯ ಸಮಯವೇ ಇಲ್ಲಿ ಮುಖ್ಯ. ಶಿಲೀಂಧ್ರ ಎಲೆಯೊಳಗೆ ಸೇರಿದ ಮೇಲೆ ಎಷ್ಟು ಸುರಿದರೂ ಖರ್ಚಿಗೆ ತಕ್ಕ ಫಲವಿಲ್ಲ. ಮಿತಿ ಮೀರಿದರೆ ಪೆಟ್ಟು ಮಾರುಕಟ್ಟೆಯಲ್ಲಿ ಬೀಳುತ್ತದೆ: 2017ರಲ್ಲಿ ಐರೋಪ್ಯ ಒಕ್ಕೂಟವು ಅಕ್ಕಿಯಲ್ಲಿ ಈ ಔಷಧಿಯ ಉಳಿಕೆಯ ಮಿತಿಯನ್ನು ಕಿಲೋಗೆ 1 ಮಿಲಿಗ್ರಾಂನಿಂದ 0.01 ಮಿಲಿಗ್ರಾಂಗೆ ಇಳಿಸಿದಾಗ ಭಾರತದ ಬಾಸ್ಮತಿ ರಫ್ತುದಾರರು ಕಂಗಾಲಾದರು.

ಇನ್ನೊಂದು ಮಾತು. ಗದ್ದೆಗೆ ಯೂರಿಯಾ ಹೆಚ್ಚು ಸುರಿದಷ್ಟೂ ಬೆಂಕಿ ರೋಗಕ್ಕೆ ಅನುಕೂಲ. ಯೂರಿಯಾದಲ್ಲಿರುವುದೂ ಸಾರಜನಕವೇ. ಒಂದು ಚೀಲದ ಸಾರಜನಕದಿಂದ ರೋಗ ಕರೆದು, ಇನ್ನೊಂದು ಪೊಟ್ಟಣದ ಸಾರಜನಕದಿಂದ ಅದನ್ನು ತಡೆಯುವುದು ರೈತನಿಗೆ ಎರಡು ಬಾರಿಯ ಖರ್ಚು. ಯೂರಿಯಾವನ್ನು ಹಿಡಿತದಲ್ಲಿಟ್ಟು ಕಂತುಕಂತಾಗಿ ಕೊಟ್ಟರೆ ಎರಡನೆಯ ಖರ್ಚು ಕಡಿಮೆಯಾಗುತ್ತದೆ.