ಪಟ್ಟಿ ಎತ್ತುವವರ ಧರ್ಮ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಪಟ್ಟಿ ಎತ್ತದ ಊರಿಲ್ಲ. ಗುಡಿಯ ಜೀರ್ಣೋದ್ಧಾರ, ಜಾತ್ರೆಯ ದಾಸೋಹ, ಉರುಸು, ಶಾಲೆಯ ಕೋಣೆ, ಬಡವರ ಮನೆಯ ಆಪರೇಷನ್ನು, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಪಾವತಿ ಪುಸ್ತಕ ಹಿಡಿದವರು ಬಾಗಿಲಿಗೆ ಬರುತ್ತಾರೆ. ಕೆಲಸ ಒಳ್ಳೆಯದಾದ ಮಾತ್ರಕ್ಕೆ ಹಣ ಎತ್ತುವ ದಾರಿಯೂ ಒಳ್ಳೆಯದಾಗುವುದಿಲ್ಲ. ಕೊಡುವವರ ಮನಸ್ಸಿಗೆ ಒತ್ತಾಯವಾಗಬಾರದು, ಪಡೆಯುವವರ ಮರ್ಯಾದೆ ಹೋಗಬಾರದು. ದೇಣಿಗೆಯ ನೀತಿಯೆಲ್ಲ ಈ ಎರಡರಲ್ಲೇ ಅಡಗಿದೆ.

ಪುಣ್ಯಾಶ್ರಮದ ದಾರಿ

ಇದಕ್ಕೆ ದೊಡ್ಡ ನಿದರ್ಶನ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಸೀಮೆಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಅಂಧ, ಅನಾಥ ಮಕ್ಕಳಿಗೆ ಜಾತಿ ಕೇಳದೆ ಅನ್ನ ಹಾಕಿ ಸಂಗೀತ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. ಅಷ್ಟು ಮಕ್ಕಳ ಊಟಕ್ಕೆ ಹಣ ಎಲ್ಲಿಂದ ಬರಬೇಕು? ಆಶ್ರಮ ನಾಟಕ ಕಂಪನಿ ಕಟ್ಟಿತು. ಕಣ್ಣಿಲ್ಲದ ಕಲಾವಿದರು ರಂಗಕ್ಕೆ ಬಂದು ಹಾಡಿದರು, ಅಭಿನಯಿಸಿದರು. ಜನ ಟಿಕೆಟ್ ಕೊಂಡು ನೋಡಿದರು. ಅಲ್ಲಿ ಮುಂದೆ ನಿಂತದ್ದು ಅವರ ಸಂಕಟವಲ್ಲ, ವಿದ್ಯೆ.

ಮುಂದೆ ಭಕ್ತರು ಹರಕೆ ಹೊತ್ತು ಪುಟ್ಟರಾಜರ ತುಲಾಭಾರ ಮಾಡತೊಡಗಿದರು. ತಕ್ಕಡಿಯ ಒಂದು ಪರಡಿಯಲ್ಲಿ ಅಜ್ಜ, ಇನ್ನೊಂದರಲ್ಲಿ ನಾಣ್ಯ. ಬಂದದ್ದು ಎಷ್ಟು ಎಂಬುದು ನೆರೆದವರ ಕಣ್ಣೆದುರೇ ತೂಗುತ್ತಿತ್ತು. ಅದು ಆಶ್ರಮದ ಮಕ್ಕಳಿಗೆ ಸಲ್ಲುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಇಂಥ ನೂರಾರು ತುಲಾಭಾರ ನಡೆದವು. 2010ರಲ್ಲಿ ಪದ್ಮಭೂಷಣ ಪಡೆದ ಅಜ್ಜ ಅದೇ ವರ್ಷ ಸೆಪ್ಟೆಂಬರ್ 17ರಂದು ತೀರಿಕೊಂಡರು. ಪಂ. ಬಸವರಾಜ ರಾಜಗುರು, ಪಂ. ವೆಂಕಟೇಶಕುಮಾರ ಅವರಂಥ ಗಾಯಕರು ಈ ಗುರುಪರಂಪರೆಯಲ್ಲೇ ಬೆಳೆದವರು. ದಾನಿಗಳ ದುಡ್ಡು ಏನಾಯಿತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ನಿರ್ಧರಿಸುವ ಮೊದಲು

ಎಲ್ಲ ಸಂಘಗಳಿಗೂ ಅಂಥ ಗುರುಗಳಿರುವುದಿಲ್ಲ. ಆದ್ದರಿಂದ ಪಟ್ಟಿಗೆ ಹೊರಡುವ ಮೊದಲೇ ಕಮಿಟಿಯವರು ಕೂತು ನಾಲ್ಕು ವಿಷಯ ತೀರ್ಮಾನಿಸಬೇಕು.

ಮೊದಲನೆಯದು ಒತ್ತಾಯ. ಓಣಿಯ ಹಿರಿಯರು, ಸಾಲ ಕೊಟ್ಟವರು, ಕೆಲಸ ಕೊಡುವ ಧಣಿಗಳು ಪುಸ್ತಕ ಹಿಡಿದು ನಿಂತರೆ ಕೂಲಿಯವನು ಒಲ್ಲೆ ಎನ್ನುವುದು ಹೇಗೆ? ಕೊಡದವರ ಹೆಸರು ಮೈಕಿನಲ್ಲಿ ಆಡುವುದಂತೂ ವಸೂಲಿ, ದಾನವಲ್ಲ. ದೇಣಿಗೆ ಕೇಳುವ ಪತ್ರ, ಫೋನ್ ಕರೆಗಳಿಂದ ವೃದ್ಧರು ನಲುಗುತ್ತಿದ್ದದ್ದು 2015ರಲ್ಲಿ ಬ್ರಿಟನ್ನಿನಲ್ಲಿ ದೊಡ್ಡ ಸುದ್ದಿಯಾಯಿತು. ಮರುವರ್ಷವೇ ಅಲ್ಲಿ ದೇಣಿಗೆ ಸಂಗ್ರಹದ ಮೇಲೆ ಕಣ್ಣಿಡಲು ಪ್ರತ್ಯೇಕ ಸಂಸ್ಥೆ ಹುಟ್ಟಿತು.

ಎರಡನೆಯದು ಫೋಟೊ. ಹಾಸಿಗೆ ಹಿಡಿದ ಮಗುವಿನ ಮುಖ ವಾಟ್ಸಾಪಿನಲ್ಲಿ ಹರಿದಾಡಿದರೆ ಹಣ ಬೇಗ ಬರಬಹುದು, ಆದರೆ ಆ ಚಿತ್ರ ಮಗು ದೊಡ್ಡದಾದ ಮೇಲೂ ಬೆನ್ನು ಬಿಡುವುದಿಲ್ಲ. ಪೋಷಣೆ, ರಕ್ಷಣೆ ಬೇಕಿರುವ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಆಸ್ಪತ್ರೆಯ ಅಂದಾಜು ಪಟ್ಟಿ ತೋರಿಸಿ, ಮುಖ ಬೇಡ.

ಮೂರನೆಯದು ಹಣದ ಮೂಲ. ಕುಡಿತದಿಂದ ಮನೆ ಮುರಿದುಕೊಂಡವರ ಮಕ್ಕಳ ವಸತಿ ನಿಲಯಕ್ಕೆ ಮದ್ಯದ ಅಂಗಡಿಯ ಬೋರ್ಡು ಏರಿಸಿ ದೇಣಿಗೆ ಪಡೆಯಬೇಕೇ? ಹಣಕ್ಕಿಂತ ಮೊದಲು ಆ ಮಕ್ಕಳನ್ನು ನೆನೆಯಬೇಕು.

ನಾಲ್ಕನೆಯದು ಉಳಿದ ಹಣ. ಆಪರೇಷನ್ನಿಗೆ ಎತ್ತಿದ್ದು ಆಪರೇಷನ್ನಿಗೇ ಹೋಗಬೇಕು. ಮಿಕ್ಕಿದ್ದನ್ನು ಏನು ಮಾಡುತ್ತೇವೆ ಎಂಬುದನ್ನು ಕೇಳುವಾಗಲೇ ಹೇಳಬೇಕು, ಮನಸ್ಸಿಗೆ ಬಂದಂತೆ ತಿರುಗಿಸಬಾರದು.

ಕೊಡುವವರಿಗೂ ಹೊಣೆಯುಂಟು. ಹತ್ತು ರೂಪಾಯಿಗೂ ಪಾವತಿ ಕೇಳಿ, ಸಂಕೋಚ ಬೇಡ. ತೆರಿಗೆ ವಿನಾಯಿತಿ ಬೇಕಿದ್ದರೆ 2000 ರೂಪಾಯಿ ಮೀರಿದ ದೇಣಿಗೆಯನ್ನು ನಗದಾಗಿ ಕೊಡಬೇಡಿ. ಪಟ್ಟಿ ಎತ್ತಿದವರು ಕೆಲಸ ಮುಗಿದ ತಿಂಗಳೊಳಗೆ ಜಮಾ-ಖರ್ಚನ್ನು ದೊಡ್ಡ ಅಕ್ಷರದಲ್ಲಿ ಬರೆದು ಗುಡಿಯ ಗೋಡೆಗೋ ಪಂಚಾಯಿತಿ ಕಟ್ಟೆಗೋ ಅಂಟಿಸಲಿ. ಲೆಕ್ಕ ತೋರಿಸಿದವರಿಗೆ ಮುಂದಿನ ಸಲ ಊರು ಕೇಳದೆಯೇ ಕೊಡುತ್ತದೆ.