ಗಿಟಾರ್ ಫ್ರೀಯಾಗಿ ಸಿಗುತ್ತಾ? ಎಂಡಾರ್ಸ್‌ಮೆಂಟ್ ಒಳಗಿನ ಲೆಕ್ಕ

ಫೆಸ್ಟ್‌ಗೆ ಹೊರಗಿನ ಬ್ಯಾಂಡ್ ಬಂದಾಗೆಲ್ಲ ಸೌಂಡ್‌ಚೆಕ್ ನೋಡ್ತಾ ನಿಂತವರಲ್ಲಿ ಒಬ್ಬರಾದ್ರೂ ಕೇಳ್ತಾರೆ: "ಈ ಗಿಟಾರ್ ಕಂಪನಿಯವರೇ ಕೊಟ್ಟಿರ್ತಾರೆ ಅಲ್ವಾ?" ಗಿಟಾರಿಸ್ಟ್‌ನ ಇನ್‌ಸ್ಟಾಗ್ರಾಮ್ ಪ್ರೊಫೈಲಲ್ಲಿ ಒಂದು ಬ್ರ್ಯಾಂಡ್ ಹೆಸರು, ಅದರ ಪಕ್ಕ 'ಆರ್ಟಿಸ್ಟ್' ಅಂತ ಇದ್ರೆ ಸಾಕು, ಮನೆ ತುಂಬಾ ಫ್ರೀ ಗಿಟಾರ್ ಇದೆ ಅಂತ ನಾವು ತೀರ್ಮಾನ ಮಾಡಿಬಿಡ್ತೀವಿ. ಆದ್ರೆ ಆ ಗಿಟಾರ್‌ಗೆ ಅವರು ದುಡ್ಡು ಕೊಟ್ಟಿರೋ ಸಾಧ್ಯತೆಯೇ ಜಾಸ್ತಿ. ಅಂಗಡಿ ಬೆಲೆಗಿಂತ ಕಮ್ಮಿ ಕೊಟ್ಟಿರ್ತಾರೆ, ಅಷ್ಟೆ.

ಎಂಡಾರ್ಸ್‌ಮೆಂಟನ್ನ ನಾವು ಚೆನ್ನಾಗಿ ನುಡಿಸಿದ್ದಕ್ಕೆ ಸಿಗೋ ಬಹುಮಾನ ಅಂದ್ಕೊಂಡಿದೀವಿ. ಕಂಪನಿಗೆ ಅದು ಮಾರ್ಕೆಟಿಂಗ್ ಖರ್ಚು. ಈ ವ್ಯಕ್ತಿಯನ್ನ ನೋಡಿ ಎಷ್ಟು ಜನ ನಮ್ಮ ಸಾಮಾನು ತಗೋತಾರೆ ಅನ್ನೋದೇ ಅಲ್ಲಿ ಪ್ರಶ್ನೆ. ಹಾಗಾಗಿ ನಿಮಿಷಕ್ಕೆ ಸಾವಿರ ನೋಟ್ಸ್ ಹೊಡೆಯೋ ಹುಡುಗನಿಗಿಂತ, ಜೆಪಿ ನಗರದಲ್ಲಿ ನಲವತ್ತು ಮಕ್ಕಳಿಗೆ ಪಾಠ ಹೇಳೋ ಗಿಟಾರ್ ಮೇಷ್ಟ್ರು ಕಂಪನಿಗೆ ಹೆಚ್ಚು ಬೆಲೆಬಾಳಬಹುದು. ಯಾಕಂದ್ರೆ ನಲವತ್ತು ಮನೆಯ ಅಪ್ಪ ಅಮ್ಮ ಅವರನ್ನೇ ಕೇಳೋದು: "ಸರ್, ಯಾವ ಗಿಟಾರ್ ತಗೊಳ್ಳೋಣ?"

ಹೆಚ್ಚಿನವರಿಗೆ ಸಿಗೋದು 'ಆರ್ಟಿಸ್ಟ್ ಪ್ರೈಸ್'. ಅಂದ್ರೆ ಅಂಗಡಿಯವರು ಕಂಪನಿಯಿಂದ ಕೊಳ್ಳೋ ದರದ ಆಸುಪಾಸಿನ ಬೆಲೆ. ಕಂಪನಿಗೆ ಇಲ್ಲಿ ನಷ್ಟ ಏನೂ ಇಲ್ಲ, ಅಂಗಡಿಯ ಮಾರ್ಜಿನ್ ಮಾತ್ರ ನಿಮಗೆ ಬಿಟ್ಟುಕೊಟ್ಟ ಹಾಗೆ. ಬದಲಿಗೆ ನಿಮ್ಮ ಫೋಟೋ, ವಿಡಿಯೋ, ಹೆಸರು ಬಳಸೋ ಹಕ್ಕು ಅವರಿಗೆ ಹೋಗುತ್ತೆ. ಇಷ್ಟು ಕಾಲ ಆ ಗಿಟಾರ್ ಮಾರೋ ಹಾಗಿಲ್ಲ ಅನ್ನೋ ಷರತ್ತೂ ಸಾಮಾನ್ಯ. ಇಲ್ಲದಿದ್ರೆ ಕಮ್ಮಿ ಬೆಲೆಗೆ ತಗೊಂಡು ಓಎಲ್‌ಎಕ್ಸಲ್ಲಿ ಮಾರೋದೇ ಒಂದು ಬಿಸಿನೆಸ್ ಆಗಿಬಿಡುತ್ತೆ!

ಸ್ಟ್ರಿಂಗ್ಸ್, ಪಿಕ್, ಕೇಬಲ್ ಥರದ ಸಾಮಾನು ಸ್ವಲ್ಪ ಬೇಗ ಫ್ರೀಯಾಗಿ ಸಿಗುತ್ತೆ. ಒಂದು ಸೆಟ್ ಸ್ಟ್ರಿಂಗ್ಸ್‌ಗೆ 700 ರೂಪಾಯಿ ಅಂತ ಇಟ್ಕೊಳ್ಳಿ. ತಿಂಗಳಿಗೆ ಎರಡು ಸೆಟ್ ಕೊಟ್ರೂ ವರ್ಷಕ್ಕೆ ಅಂಗಡಿ ಬೆಲೆಯಲ್ಲೇ 16,800, ಕಂಪನಿಗೆ ಅದಕ್ಕಿಂತ ತುಂಬಾ ಕಮ್ಮಿ. ಅಷ್ಟಕ್ಕೆ ವರ್ಷವಿಡೀ ಜಾಹೀರಾತು. ಇನ್ನು ಟೂರ್ ಟೈಮಲ್ಲಿ ಆಂಪ್ಲಿಫೈಯರ್ ಸಾಲವಾಗಿ ಕೊಟ್ಟು ವಾಪಸ್ ತಗೊಳ್ಳೋದೂ ಉಂಟು. ಸ್ಟೇಜ್ ಮೇಲೆ ಸಾಲಾಗಿ ಜೋಡಿಸಿಟ್ಟ ಕ್ಯಾಬಿನೆಟ್ ಕಂಡ ತಕ್ಷಣ ಅದೆಲ್ಲ ಬ್ಯಾಂಡಿನ ಆಸ್ತಿ ಅಂದ್ಕೋಬೇಡಿ.

ನಿಜವಾದ ದುಡ್ಡು ಇರೋದು ಸಿಗ್ನೇಚರ್ ಮಾಡೆಲಲ್ಲಿ. ಗಿಟಾರಿಸ್ಟ್ ಹೆಸರಲ್ಲೇ ಗಿಟಾರ್ ಬರುತ್ತೆ, ಮಾರಾಟವಾದ ಪ್ರತಿಯೊಂದಕ್ಕೂ ಅವರಿಗೆ ರಾಯಲ್ಟಿ. ಇದರಲ್ಲಿ ಎಲ್ಲರಿಗೂ ಗೊತ್ತಿರೋ ಹೆಸರು ಲೆಸ್ ಪಾಲ್. 1952ರಲ್ಲಿ ಗಿಬ್ಸನ್ ಕಂಪನಿ ಅವರ ಹೆಸರಿನ ಗಿಟಾರ್ ತಂತು. ವಿನ್ಯಾಸದಲ್ಲಿ ಅವರ ಪಾಲು ಎಷ್ಟು ಅನ್ನೋ ವಾದ ಇನ್ನೂ ಮುಗಿದಿಲ್ಲ, ಆದ್ರೆ ಹೆಸರಂತೂ ಅವರದ್ದೇ. 1961ರಲ್ಲಿ ಕಂಪನಿ ಆಕಾರವನ್ನೇ ಬದಲಾಯಿಸಿ, ತೆಳ್ಳಗೆ, ಎರಡು ಕೊಂಬು ಇರೋ ಹಾಗೆ ಮಾಡ್ತು. ಲೆಸ್ ಪಾಲ್‌ಗೆ ಅದು ಹಿಡಿಸಲಿಲ್ಲ. ಒಪ್ಪಂದ ಮುಗಿದ ಮೇಲೆ ಹೆಸರು ತೆಗೆದು ಎಸ್‌ಜಿ ಅಂತ ಕರೆದ್ರು. ಇವತ್ತು ನಾವು ನೋಡೋ ಎಸ್‌ಜಿ ಅದೇ. 1968ರಲ್ಲಿ ಹಳೇ ಆಕಾರವೂ ಲೆಸ್ ಪಾಲ್ ಹೆಸರೂ ವಾಪಸ್ ಬಂದ್ವು.

ಸಿಗ್ನೇಚರ್ ಗಿಟಾರ್ ದುಬಾರಿ, ಅದನ್ನ ಯಾರು ತಗೋತಾರೆ ಅಂತ ಕೇಳಬಹುದು. 2011ರ ಅಕ್ಟೋಬರ್ 30ಕ್ಕೆ ನಮ್ಮ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸ್ತಲ್ಲ, ಅದರ ಗಿಟಾರಿಸ್ಟ್ ಕಿರ್ಕ್ ಹ್ಯಾಮೆಟ್ ಹೆಸರಲ್ಲಿ ಇಎಸ್‌ಪಿ ಕಂಪನಿಯ ಸಿಗ್ನೇಚರ್ ಗಿಟಾರ್‌ಗಳಿವೆ. ಅದೇ ಕಂಪನಿಯ ಅಗ್ಗದ ಬ್ರ್ಯಾಂಡ್ ಎಲ್‌ಟಿಡಿ, ಅದರಲ್ಲೂ ಹ್ಯಾಮೆಟ್ ಮಾಡೆಲ್ ಇದೆ. ಸ್ಟೇಜ್ ಮೇಲೆ ಕಂಡಿದ್ದು ಒಂದು, ಅದನ್ನ ನೋಡಿದ ಹುಡುಗರು ತಗೊಳ್ಳೋದು ಇನ್ನೊಂದು. ಸ್ಟೀವ್ ವಾಯ್‌ಗಾಗಿ ಐಬನೇಜ್ 1987ರಲ್ಲಿ ತಂದ ಜೆಮ್ ಇನ್ನೂ ಒಳ್ಳೇ ಉದಾಹರಣೆ. ಬಾಡಿಯಲ್ಲಿ ಕೈ ಹಾಕಿ ಎತ್ಕೊಳ್ಳೋಕೆ ಹಿಡಿ ಥರ ತೂತು, ಹೂವಿನ ಬಟ್ಟೆಯ ಫಿನಿಶ್, ಹೀಗೆ ವಿಚಿತ್ರ ವಿಚಿತ್ರ ಬೇಡಿಕೆ ಅವರದ್ದು. ಆ ತೂತನ್ನೂ ಹೂವನ್ನೂ ಬಿಟ್ಟು, ಅದೇ ವಿನ್ಯಾಸದ ಮೇಲೆ ಐಬನೇಜ್ ತನ್ನ ಆರ್‌ಜಿ ಸರಣಿ ಶುರು ಮಾಡ್ತು. ಒಬ್ಬ ಕಲಾವಿದ ಪಟ್ಟು ಹಿಡಿದು ಮಾಡಿಸ್ಕೊಂಡ ಸ್ಪೆಸಿಫಿಕೇಶನ್ ಕೊನೆಗೆ ನಮ್ಮ ಬಜೆಟ್ಟಿಗೆ ಬಂದಿದ್ದು ಹೀಗೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಜನಕ್ಕೆ ಉಪಯೋಗ ಆಗಿರೋ ಭಾಗ ಇದೇ.

ಒಪ್ಪಂದ ಮುರಿದಾಗ ಏನಾಗುತ್ತೆ ಅನ್ನೋದು ಇನ್ನೂ ಮಜವಾಗಿದೆ. 1992ರಲ್ಲಿ ಪೀವಿ ಕಂಪನಿ ಎಡ್ಡಿ ವ್ಯಾನ್ ಹೇಲನ್ ಜೊತೆ ಸೇರಿ 5150 ಅನ್ನೋ ಆಂಪ್ಲಿಫೈಯರ್ ಮಾಡ್ತು. 2004ರಲ್ಲಿ ಇಬ್ಬರೂ ಬೇರೆಯಾದ್ರು. 5150 ಅನ್ನೋ ಹೆಸರು ಎಡ್ಡಿ ಜೊತೆ ಹೋಯ್ತು, ಸರ್ಕ್ಯೂಟ್ ಪೀವಿ ಹತ್ರ ಉಳೀತು. ಪೀವಿ ಅದಕ್ಕೆ 6505 ಅಂತ ಹೊಸ ಹೆಸರಿಟ್ಟು ಮಾರಾಟ ಮುಂದುವರಿಸ್ತು: 1965ರಲ್ಲಿ ಶುರುವಾದ ಕಂಪನಿಗೆ 2005ಕ್ಕೆ ನಲವತ್ತು ವರ್ಷ. ಬಿಟಿಎಂ ಕಡೆ ಯಾವುದಾದ್ರೂ ಜ್ಯಾಮ್ ರೂಮಲ್ಲಿ 6505 ಕಂಡ್ರೆ ಅದೊಂದು ಡಿವೋರ್ಸ್ ಸರ್ಟಿಫಿಕೇಟ್ ಅಂತ ನೆನಪಿಟ್ಕೊಳ್ಳಿ. ಹೆಸರು ಯಾರದ್ದು, ವಿನ್ಯಾಸ ಯಾರದ್ದು ಅನ್ನೋದನ್ನ ಸಹಿ ಹಾಕೋ ಮುಂಚೆಯೇ ಬರೆದಿಟ್ಟಿರಬೇಕು. ಪ್ರಾಜೆಕ್ಟ್ ಐಪಿ ಬಗ್ಗೆ ನಮಗೆ ಹೇಳೋದೂ ಇದೇ ತಾನೆ.

ಇನ್ನೊಂದು ಮುಖ್ಯ ಷರತ್ತು ಎಕ್ಸ್‌ಕ್ಲೂಸಿವಿಟಿ. ಒಂದು ಕಂಪನಿಯ ಸ್ಟ್ರಿಂಗ್ಸ್‌ಗೆ ಸಹಿ ಹಾಕಿದ್ರೆ ಬೇರೆ ಕಂಪನಿಯ ಸ್ಟ್ರಿಂಗ್ಸ್ ಜೊತೆ ಕಾಣಿಸ್ಕೊಳ್ಳೋ ಹಾಗಿಲ್ಲ. ಸ್ಟ್ರಿಂಗ್ಸ್ ವಿಷಯದಲ್ಲಿ ಪರವಾಗಿಲ್ಲ. ಗಿಟಾರ್ ವಿಷಯದಲ್ಲಿ ಹಾಗಾದ್ರೆ, ಮನೆಯಲ್ಲಿರೋ ಬೇರೆ ಬ್ರ್ಯಾಂಡ್ ಗಿಟಾರ್ ರೀಲ್ಸಲ್ಲೂ ಬರೋ ಹಾಗಿಲ್ಲ. ಬರೀ ಡಿಸ್ಕೌಂಟ್‌ಗೆ ಇಷ್ಟು ಸ್ವಾತಂತ್ರ್ಯ ಕೊಡೋದು ತುಂಬಾ ದುಬಾರಿ ಅಂತ ನನಗನಿಸುತ್ತೆ.

ಭಾರತದಲ್ಲಿ ಇದರ ಮೇಲೆ ತೆರಿಗೆಯೂ ಇದೆ. 2022ರ ಜುಲೈ 1ರಿಂದ ಬಂದ 194ಆರ್ ನಿಯಮದ ಪ್ರಕಾರ, ವೃತ್ತಿಗೆ ಸಂಬಂಧಪಟ್ಟ ಹಾಗೆ ವರ್ಷಕ್ಕೆ 20,000 ರೂಪಾಯಿ ಮೀರಿದ ಸಾಮಾನು ಅಥವಾ ಸೌಲಭ್ಯ ಕೊಟ್ರೆ ಕೊಡೋ ಕಂಪನಿ ಶೇ. 10 ಟಿಡಿಎಸ್ ನೋಡ್ಕೋಬೇಕು. 60,000 ಬೆಲೆಯ ಗಿಟಾರ್ 'ಫ್ರೀ' ಬಂದ್ರೆ ಟಿಡಿಎಸ್ಸೇ 6,000, ಜೊತೆಗೆ ಪೂರ್ತಿ 60,000 ನಿಮ್ಮ ಆದಾಯದ ಲೆಕ್ಕಕ್ಕೆ. ವಿಡಿಯೋ ಮಾಡಿ ಗಿಟಾರ್ ವಾಪಸ್ ಕೊಟ್ರೆ ಇದು ಅನ್ವಯಿಸಲ್ಲ ಅಂತ ತೆರಿಗೆ ಇಲಾಖೆಯ ಸುತ್ತೋಲೆಯೇ ಹೇಳುತ್ತೆ. ಫ್ರೀ ಸಾಮಾನು ತಗೊಂಡು ಹೊಗಳಿದ್ರೆ ಅದನ್ನ ನೋಡುಗರಿಗೆ ಸ್ಪಷ್ಟವಾಗಿ ಹೇಳಬೇಕು ಅಂತಲೂ 2022ರ ಗ್ರಾಹಕ ರಕ್ಷಣಾ ಮಾರ್ಗಸೂಚಿ ಇದೆ. ದಾರಿ ತಪ್ಪಿಸೋ ಜಾಹೀರಾತಿಗೆ ಎಂಡಾರ್ಸ್ ಮಾಡಿದವರಿಗೂ 10 ಲಕ್ಷದವರೆಗೆ ದಂಡ ಬೀಳಬಹುದು.

ನಮ್ಮ ಇನ್‌ಬಾಕ್ಸಿಗೆ ಬರೋದು ಇದ್ಯಾವುದೂ ಅಲ್ಲ, ಬಿಡಿ. "ಬ್ರೋ, ನಿಮ್ಮ ಕವರ್ ಸೂಪರ್, ನಮ್ಮ ಅಂಬಾಸಿಡರ್ ಆಗ್ತೀರಾ?" ಅಂತ ಮೆಸೇಜ್ ಬರುತ್ತೆ. ಒಳಗೆ ನೋಡಿದ್ರೆ ಶೇ. 30 ಡಿಸ್ಕೌಂಟ್ ಕೋಡ್, ಮೊದಲು ನೀವೇ ತಗೋಬೇಕು, ಆಮೇಲೆ ಪೋಸ್ಟ್ ಹಾಕ್ಬೇಕು. 3,000 ರೂಪಾಯಿಯ ಪೆಡಲನ್ನ 2,100ಕ್ಕೆ ಕೊಂಡ ಗಿರಾಕಿ ಅಂದ್ರೆ ನೀವೇ. ಒಪ್ಪೋ ಮುಂಚೆ ಮೂರು ವಿಷಯ ಬರಹದಲ್ಲಿ ಕೇಳಿ: ಎಷ್ಟು ತಿಂಗಳು, ಬೇರೆ ಬ್ರ್ಯಾಂಡ್ ಬಳಸಬಹುದಾ, ಒಪ್ಪಂದ ಮುಗಿದ ಮೇಲೆ ನನ್ನ ವಿಡಿಯೋ ತೆಗೀತೀರಾ. ಉತ್ತರ ಬರದೇ ಇದ್ರೆ ಆ 2,100 ಉಳೀತು, ಅದರಲ್ಲಿ ಮೂರು ಸೆಟ್ ಸ್ಟ್ರಿಂಗ್ಸ್ ಬರುತ್ತೆ.