ಒಂದು ಕಂಠ, ನಾಲ್ಕು ದನಿ

ಕವಿ ಬರೆದ ಕವಿತೆಗೆ ಸಂಗೀತಗಾರನು ಸ್ವರ ಕೂಡಿಸುವಾಗ ಯಾರು ಯಾರ ಮಾತು ಕೇಳಬೇಕು? ಸಂಗೀತವು ಸೇವಕನಂತೆ ಕವಿತೆಯ ಹಿಂದೆ ನಡೆಯಬೇಕೆ, ಅಥವಾ ತಾನು ಕಂಡುದನ್ನೂ ಹೇಳಬಹುದೆ? ಜರ್ಮನ್ ಮಹಾಕವಿ ಗಯಟೆಗೂ ವಿಯೆನ್ನಾದ ತರುಣ ಫ್ರಾಂಟ್ಸ್ ಷೂಬರ್ಟನಿಗೂ ನಡುವೆ ಈ ಪ್ರಶ್ನೆ ಹಲವು ವರ್ಷ ಮೌನವಾಗಿ ನಿಂತಿತ್ತು.

ಗಯಟೆಯ ‘ಎರ್ಲ್‌ಕೋನಿಗ್’ ಎಂಬ ಕಥನಕವಿತೆ 1782ರದು. ಇರುಳ ಗಾಳಿಯಲ್ಲಿ ತಂದೆಯೊಬ್ಬನು ಮಗನನ್ನು ತಬ್ಬಿಕೊಂಡು ಕುದುರೆಯ ಮೇಲೆ ಧಾವಿಸುತ್ತಿದ್ದಾನೆ. ಮಾಯಾವಿಯಾದ ಯಕ್ಷರಾಜನು ಮಗುವನ್ನು ತನ್ನೆಡೆಗೆ ಕರೆಯುತ್ತಾನೆ. ಆ ಕರೆ ಮಗುವಿಗಲ್ಲದೆ ತಂದೆಗೆ ಕೇಳಿಸದು. ಮನೆ ಮುಟ್ಟುವ ವೇಳೆಗೆ ಮಗುವಿನ ಪ್ರಾಣ ಹಾರಿಹೋಗಿರುತ್ತದೆ.

ಈ ಕವಿತೆಗೆ ಮೊದಲು ಸ್ವರ ಹಾಕಿದವಳು ನಟಿ ಕೊರೋನಾ ಶ್ರೋಟರ್. ಎಲ್ಲ ಪದ್ಯಗಳಿಗೂ ಒಂದೇ ಸರಳ ಧಾಟಿ, ಜನಪದ ಗೀತೆಯಂತೆ. ಗಯಟೆಗೆ ಒಪ್ಪಿಗೆಯಾಗುತ್ತಿದ್ದುದು ಇಂಥ ರೀತಿಯೇ.

1815ರಲ್ಲಿ ಷೂಬರ್ಟನಿಗೆ ಹದಿನೆಂಟು ವರ್ಷ. ತಂದೆಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಆತನು ಬೇರೊಂದು ದಾರಿ ಹಿಡಿದನು. ಪಿಯಾನೋ ವಾದಕನ ಬಲಗೈ ಒಂದೇ ಸ್ವರವನ್ನು ಮೂರು ಮೂರಾಗಿ ಬಿಡುವಿಲ್ಲದೆ ಬಡಿಯುತ್ತದೆ. ಅದೇ ಕುದುರೆಯ ಓಟ. ಸುಮಾರು ನಾಲ್ಕು ನಿಮಿಷದ ಈ ಹಾಡಿನಲ್ಲಿ ನುರಿತ ವಾದಕರ ಕೈಯೂ ಸೋತುಹೋಗುವುದುಂಟು. ಗಾಯಕನಾದರೋ ಒಬ್ಬನೇ, ಪಾತ್ರಗಳು ನಾಲ್ಕು: ಕಥೆ ಹೇಳುವವನು, ಮಂದ್ರಸ್ವರದ ತಂದೆ, ತಾರಸ್ವರದ ಮಗು, ಮೆಲುದನಿಯಲ್ಲಿ ಮರುಳುಮಾಡುವ ಯಕ್ಷರಾಜ. ಮಗುವು ತಂದೆಯನ್ನು ಕೂಗಿದಾಗಲೆಲ್ಲ ಸ್ವರ ಇನ್ನಷ್ಟು ಮೇಲೇರಿ, ಪಿಯಾನೋದ ಸ್ವರದೊಡನೆ ಕರ್ಕಶವಾಗಿ ಘರ್ಷಿಸುತ್ತದೆ. ಕಟ್ಟಕಡೆಗೆ ಕುದುರೆ ನಿಲ್ಲುತ್ತದೆ, ವಾದ್ಯವೂ ನಿಲ್ಲುತ್ತದೆ. ಆ ನಿಶ್ಶಬ್ದದಲ್ಲಿ ಮಗುವಿನ ಸಾವನ್ನು ಗಾಯಕನು ಹಾಡುವುದಿಲ್ಲ. ಹೆಚ್ಚುಕಡಿಮೆ ಮಾತಿನಂತೆ ನುಡಿದುಬಿಡುತ್ತಾನೆ.

1816ರಲ್ಲಿ ಗೆಳೆಯ ಸ್ಪೌನನು ಈ ಹಾಡನ್ನೂ ಗಯಟೆಯ ಇತರ ಕವಿತೆಗಳಿಗೆ ಷೂಬರ್ಟ್ ರಚಿಸಿದ ಸಂಗೀತವನ್ನೂ ಒಂದು ಪುಸ್ತಕವಾಗಿಸಿ, ವಿನಯಪೂರ್ವಕವಾದ ಪತ್ರದೊಡನೆ ವೈಮಾರ್ ನಗರಕ್ಕೆ, ಕವಿಗೆ ಕಳುಹಿಸಿದನು. ಪುಸ್ತಕ ಹಿಂದಿರುಗಿತು, ಉತ್ತರ ಬರಲಿಲ್ಲ. ಮರುವರ್ಷ ಲೈಪ್‌ಜಿಗ್‌ನ ಪ್ರಕಾಶಕರೂ ಹಾಡನ್ನು ಬೇಡವೆಂದರು. ಅಷ್ಟೇ ಅಲ್ಲ, ಹಸ್ತಪ್ರತಿಯನ್ನು ಡ್ರೆಸ್ಡನ್‌ನಲ್ಲಿದ್ದ ಅದೇ ಹೆಸರಿನ ಬೇರೊಬ್ಬ ಸಂಗೀತಗಾರನಿಗೆ ಕಳುಹಿಸಿಬಿಟ್ಟರು! ಇಂಥ ರಚನೆಗೆ ತನ್ನ ಹೆಸರನ್ನು ಅಂಟಿಸಿದವರು ಯಾರೆಂದು ಆತನು ಸಿಡಿಮಿಡಿಗೊಂಡನು.

ಕೊನೆಗೆ ಕೈಹಿಡಿದವರು ಗೆಳೆಯರೇ. 1821ರ ಮಾರ್ಚ್ 7ರಂದು ಹೆಸರಾಂತ ಗಾಯಕ ಫೋಗ್ಲ್ ವಿಯೆನ್ನಾದ ರಂಗಮಂದಿರದಲ್ಲಿ ಇದನ್ನು ಹಾಡಿ ಸಭೆಯನ್ನು ಗೆದ್ದನು. ಅದೇ ವರ್ಷ ಮಿತ್ರರು ಹಣ ಕೂಡಿಸಿ ಅಚ್ಚುಹಾಕಿಸಿದ ಈ ಹಾಡೇ ಷೂಬರ್ಟನ ‘ಮೊದಲನೆಯ ಕೃತಿ’ ಎಂಬ ಸಂಖ್ಯೆ ಹೊತ್ತು ಹೊರಬಂದಿತು. ಏಳು ವರ್ಷಗಳ ತರುವಾಯ, 1828ರ ನವೆಂಬರಿನಲ್ಲಿ, ಮೂವತ್ತೊಂದರ ಎಳೆಯ ವಯಸ್ಸಿಗೇ ಅವನು ಕಣ್ಮುಚ್ಚಿದನು.

1830ರಲ್ಲಿ ಗಾಯಕಿ ವಿಲ್ಹೆಲ್ಮಿನ್ ಶ್ರೋಡರ್-ಡೆವ್ರಿಯಂಟ್ ವೃದ್ಧಕವಿಯ ಮುಂದೆ ಈ ಹಾಡನ್ನು ಹಾಡಿದಳು. ನಟ ಗೆನಾಸ್ತ್ ಬರೆದಿಟ್ಟಿರುವಂತೆ, ಹಿಂದೊಮ್ಮೆ ಕೇಳಿದಾಗ ತನಗಿದು ಹಿಡಿಸಿರಲಿಲ್ಲವೆಂದೂ, ಹೀಗೆ ಹಾಡಿದಾಗ ಇಡೀ ದೃಶ್ಯವೇ ಕಣ್ಣಿಗೆ ಕಟ್ಟುವುದೆಂದೂ ಕವಿ ಒಪ್ಪಿಕೊಂಡನು. ಹದಿನಾಲ್ಕು ವರ್ಷ ತಡವಾಗಿ ಬಂದ ಆ ಉತ್ತರವನ್ನು ಕೇಳಬೇಕಾಗಿದ್ದವನು ಮಾತ್ರ ಆಗ ಇರಲಿಲ್ಲ.